ಆ ಬೆಳಕಿನಲ್ಲಿ ಮಾಮಾ ನೆನಪಾಗಲಿಲ್ಲ

ಕಳೆದ ವಾರ ನನ್ನ ಹೆಂಡತಿ ಔಷಧಿ ಅಂಗಡಿಯಿಂದ ಒಂದು ಪುಟ್ಟ ಯಂತ್ರ ತಂದಳು. ಬಟ್ಟೆ ಒಣಹಾಕುವ ಕ್ಲಿಪ್ಪಿನಷ್ಟೇ ಗಾತ್ರ. ಬೆರಳಿಗೆ ಕಚ್ಚಿಸಿಕೊಂಡರೆ ನಾಡಿ ಎಷ್ಟು ಬಡಿಯುತ್ತಿದೆ, ನೆತ್ತರಿನಲ್ಲಿ ಪ್ರಾಣವಾಯು ಎಷ್ಟಿದೆ ಎಂದು ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ಅರವತ್ತು ದಾಟಿದ ಗಂಡನ ಮೇಲೆ ಹೆಂಡತಿಗಿರುವ ಸಂಶಯ ಈಗ ಬ್ಯಾಟರಿಯ ಮೇಲೆ ನಡೆಯುತ್ತದೆ ನೋಡಿ. ದಿನಕ್ಕೆರಡು ಸಲ ನಾನು ಬದುಕಿದ್ದೇನೆಂದು ಅದು ಒಪ್ಪಬೇಕು. ಮೊದಲ ಸಲ ಹಾಕಿಕೊಂಡು ಕೂತಾಗ ನಗು ಬಂತು, ಆಮೇಲೆ ನಾಚಿಕೆಯಾಯಿತು. ಇದು ಹದಿನೈದು ವರ್ಷದ ಹಿಂದೆ ನನ್ನ ಜೇಬಿನಲ್ಲಿದ್ದಿದ್ದರೆ, ಬಸವಕಲ್ಯಾಣದ ನನ್ನ ಸೋದರತ್ತೆಯನ್ನು ಅವಳು ಬದುಕಿರುವಾಗಲೇ ನಾನು ಸಾಯಿಸುತ್ತಿರಲಿಲ್ಲ.

ಗಾಬರಿಯಾಗಬೇಡಿ, ಅತ್ತೆ ಇವತ್ತಿಗೂ ಗಟ್ಟಿಯಾಗಿದ್ದಾಳೆ. ಅವಳು ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತದೆ. ಹೆಸರು ಶರಣಮ್ಮ. ಅವಳ ಗಂಡ ಚನ್ನಪ್ಪ ಮಾಮಾ ದರ್ಜಿ. ಮನೆ ಬಸವಕಲ್ಯಾಣದಲ್ಲಿ, ಅಂಗಡಿ ಮಾತ್ರ ಹುಮನಾಬಾದಿನಲ್ಲಿ. ಯಾಕೆ ಎಂದು ಕೇಳಿದರೆ, "ಊರಾಗ ಅಂಗಡಿ ಹಾಕಿದ್ರ ನಿಮ್ಮತ್ತಿ ತಾಸಿಗೊಮ್ಮಿ ಬಂದು ಚಾ ಕುಡೀರಿ ಅಂತಾಳ. ಹೊಲಿಗಿ ಯಾವಾಗ ಮಾಡ್ಲಿ?" ಎನ್ನುತ್ತಿದ್ದ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಮದುವೆಯಾದಾಗಿನಿಂದ ಅತ್ತೆಯ ಕುಪ್ಪಸಗಳನ್ನೆಲ್ಲ ಅವನೇ ಹೊಲಿದದ್ದು. ಅಳತೆಯನ್ನು ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ. ಅವಳು ಸೊರಗಿದ್ದೂ ಮೈತುಂಬಿಕೊಂಡದ್ದೂ ಅವನ ಕಣ್ಣಿಗೇ ಗೊತ್ತು. ಆಗಿನವರೆಗೆ ಬೇರೆ ದರ್ಜಿಯ ಸೂಜಿ ಅವಳ ಬಟ್ಟೆಗೆ ತಾಕಿರಲೇ ಇಲ್ಲ.

ನಾನಾಗ ಹುಮನಾಬಾದಿನ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಶಾಲೆಯ ಸಮವಸ್ತ್ರ ಹೊಲಿಯುವ ಸುಗ್ಗಿಯಾದ್ದರಿಂದ ಮಾಮಾ ಮೊದಲ ಬಸ್ಸಿಗೇ ಹೋಗಿಬಿಟ್ಟಿದ್ದ. ಅತ್ತೆಗೆ ನಾಲ್ಕು ದಿನದಿಂದ ಜ್ವರ, ಕೆಮ್ಮು. ನೋಡಿ ಬರೋಣವೆಂದು ನಾನು ಹೋಗಿದ್ದೆ. ಹತ್ತು ಗಂಟೆಯ ಸುಮಾರಿಗೆ ಹಾಸಿಗೆಯಲ್ಲಿ ಒಮ್ಮೆ ಗೊರಕ್ಕೆಂದವಳು ಸುಮ್ಮನಾದಳು. ಕೈ ತಣ್ಣಗೆ, ತುಟಿ ನೀಲಿ. ಮನೆಯವರೆಲ್ಲ ನನ್ನ ಮುಖ ನೋಡಿದರು. ಬಿ.ಎಸ್ಸಿ. ಓದಿದವನು ಅಲ್ಲಿ ನಾನೊಬ್ಬನೇ! ಎರಡು ಬೆರಳಿಟ್ಟು ನಾಡಿ ಹುಡುಕಿದೆ. ನನ್ನ ಕೈಯೇ ಗಡಗಡ ನಡುಗುತ್ತಿತ್ತು, ಅವಳ ನಾಡಿ ಎಲ್ಲಿ ಸಿಗಬೇಕು? ಮೂಗಿನ ಕೆಳಗೆ ಅಂಗೈ ಹಿಡಿದೆ, ಉಸಿರು ತಾಕಲಿಲ್ಲ. "ಹೋದ್ಳು" ಎಂದುಬಿಟ್ಟೆ. ಡಾಕ್ಟರನ್ನು ಕರೆಯಿರಿ ಎಂದು ಒಬ್ಬರೂ ಅನ್ನಲಿಲ್ಲ. ವಿಜ್ಞಾನದ ಮಾಸ್ತರನೇ ಹೇಳಿದ ಮೇಲೆ ಇನ್ನು ಡಾಕ್ಟರು ಯಾಕೆ?

ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ, ಕೂರಿಸುತ್ತೇವೆ. ಹಣೆಗೆ ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಆನಿಸಿ, ಕತ್ತು ಜೋಲದಂತೆ ಬಟ್ಟೆಯಿಂದ ಕಟ್ಟುತ್ತೇವೆ. ಮಣ್ಣಿಗೆ ಹೋಗುವುದೂ ಕೂತುಕೊಂಡೇ. ಮೈ ಸೆಟೆಯುವ ಮೊದಲೇ ಈ ಕೆಲಸ ಆಗಬೇಕು. ಓಣಿಯಲ್ಲಿ ಇದಕ್ಕೆ ಕಾಶಮ್ಮ ಎಂಬ ಮುದುಕಿಯೇ ಆಗಬೇಕು. ಅವಳು ಬಂದು, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿಸಿ, ಕತ್ತಿಗೆ ಬಟ್ಟೆ ಸುತ್ತಿ, ಅತ್ತೆಯ ಬೆನ್ನಿಗೆ ಮೊಣಕಾಲು ಕೊಟ್ಟು, ಎರಡೂ ಭುಜ ಹಿಡಿದು ನೆಟ್ಟಗೆ ಎಳೆದಳು. ಅಷ್ಟೇ ನೋಡಿ, ಗಂಟಲಿಗೆ ಕಟ್ಟಿದ್ದ ಕಫ ಒಂದೇ ಕೆಮ್ಮಿಗೆ ಹೊರಗೆ ಬಂತು. ಕೂತ ಹೆಂಗಸರೆಲ್ಲ ಚೀರಿ ಅಂಗಳಕ್ಕೆ ಓಡಿದರು. ನಾನೂ ಓಡಿದೆ, ಸುಳ್ಳೇಕೆ ಹೇಳಲಿ. ಕಾಶಮ್ಮ ಮಾತ್ರ ಹಿಡಿದ ಭುಜ ಬಿಡಲಿಲ್ಲ.

ಅತ್ತೆ ಕಣ್ಣು ಬಿಟ್ಟು ಸುತ್ತ ನೋಡಿ, "ಯಾಕ ಕಟ್ಟಾಕತ್ತೀರಿ ನನಗ? ಎಲ್ಲಿ ಓಡಿ ಹೊಂಟೀನಿ?" ಎಂದಳು.

"ಓಡಿ ಹೋಗಿದ್ದಿ ಯವ್ವಾ, ತಿರುಗಿ ಬಂದಿ. ಕುಂದ್ರು ಸುಮ್ಮ," ಎಂದಳು ಕಾಶಮ್ಮ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಪಾಡು ಇನ್ನೂ ಕಷ್ಟ. "ಕುಂದ್ರಿಸಾಕ ಪದ್ಧತಿ ಅದ. ಕುಂದ್ರಿಸಿದವರು ಎದ್ರ ಏನ್ ಮಾಡಬೇಕಂತ ನಮಗ ಯಾರೂ ಹೇಳಿಲ್ಲಲ್ಲೋ ತಮ್ಮಾ," ಎಂದು ನನ್ನನ್ನೇ ಕೇಳಿದರು. ಕೊನೆಗೆ ಚಹಾ ಕುಡಿದು ಹೋದರು.

ಮೊದಲ ಫೋನಿಗೇ ಹುಮನಾಬಾದಿನಿಂದ ಹೊರಟಿದ್ದ ಮಾಮಾ ಆಮೇಲಿನ ಯಾವ ಫೋನನ್ನೂ ಎತ್ತಿರಲಿಲ್ಲ. ಯಾರದೋ ಜೀಪಿನಲ್ಲಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇಟ್ಟುಕೊಂಡು ಬಂದಿಳಿದ. ಒಳಗೆ ಹೆಂಡತಿ ಗೋಡೆಗಾನಿ ಕೂತಿದ್ದಾಳೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹಾರ, ಕೈಯಲ್ಲಿ ಚಹಾದ ಬಸಿ. ಹೊಸ್ತಿಲ ಆಚೆಯೇ ನಿಂತು ಕೇಳಿದ:

"ನೀ ಕುಂತೀಯೋ, ಕುಂದ್ರಿಸ್ಯಾರೋ?"

"ಚಾ ಕುಡಿಯಾಕತ್ತೀನಿ, ಕಾಣಂಗಿಲ್ಲೇನು?"

ಮಾಮಾ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ದೊಡ್ಡ ಮೀಸೆಯ ಗಂಡಸು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಡಾಕ್ಟರ ಹತ್ತಿರ ಕರೆದೊಯ್ದೆವು. ಹದಿನೈದು ದಿನದಲ್ಲಿ ಅತ್ತೆ ಮೊದಲಿನಂತಾದಳು. ನನ್ನ ಬಗ್ಗೆ ಡಾಕ್ಟರು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಮೈ ಚೇತರಿಸಿಕೊಂಡ ಮೇಲೆ ಅತ್ತೆ ತಾನು ಕಂಡದ್ದನ್ನು ಹೇಳಿದಳು. "ಬೆಳಕಂದ್ರ ಬೆಳಕು. ತೊಗರಿ ಹೂ ಬಿಟ್ಟಾಗ ಹೊಲದ ಮ್ಯಾಲ ಎಳಿ ಬಿಸಿಲ ಬೀಳ್ತದಲ್ಲ, ಹಂಗ. ಕೆಮ್ಮಿಲ್ಲ, ನೋವಿಲ್ಲ. ಮೈ ಅನ್ನೂದೇ ಇರ್ಲಿಲ್ಲ. ನೋಡ್ಕೋತ ನಿಂತುಬಿಟ್ಟೆ."

ಅಲ್ಲಿಂದ ಆ ಮನೆಯ ಪಡಸಾಲೆ ಚರ್ಚೆಯ ಕಟ್ಟೆಯಾಯಿತು. ಓಣಿಯವರ ತೀರ್ಮಾನ ಸರಳ: ಒಯ್ಯಲು ಬಂದವರು ಹೆಸರು ಕಂಡು ಮೋಸಹೋಗಿದ್ದಾರೆ, ಒಯ್ಯಬೇಕಾಗಿದ್ದ ಶರಣಮ್ಮ ಬೇರೆ. ಆ ದಿನ ಸತ್ತ ಶರಣಮ್ಮ ಯಾರಾದರೂ ಇದ್ದಾಳೆಯೇ ಎಂದು ಒಬ್ಬ ಪುಣ್ಯಾತ್ಮ ಪಕ್ಕದ ಊರು ಹುಲಸೂರಿಗೇ ಹೋಗಿ ವಿಚಾರಿಸಿ ಬಂದ. ಅಲ್ಲಿ ಮೂವರು ಶರಣಮ್ಮಂದಿರಿದ್ದರಂತೆ. ಮೂವರೂ ಗಟ್ಟಿ, ಮೂವರೂ ಅವನ ಜನ್ಮ ಜಾಲಾಡಿ ಕಳಿಸಿದ್ದರು. ನಾನು ಬಿಡುತ್ತೇನೆಯೇ? ಕರಿಹಲಗೆಯ ಮುಂದಿನ ದನಿ ತೆಗೆದೆ. ಮಿದುಳಿಗೆ ಪ್ರಾಣವಾಯು ಕಡಿಮೆಯಾದರೆ ಕಣ್ಣ ಮುಂದೆ ಬೆಳಕು ಕಾಣಬಹುದು, ಮೈ ಹಗುರೆನಿಸಬಹುದು, ಎಲ್ಲ ಮಿದುಳಿನ ಆಟ ಎಂದೆ.

ನೆರೆಮನೆಯ ಮೌಲಾಸಾಬ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು. ಗಡ್ಡ ನೀವಿಕೊಂಡು ಹೇಳಿದ, "ಮಾಸ್ತರ್ರ, ಇಂಜಿನ್ನಿಗಿ ಹವಾ ಕಮ್ಮಿ ಆದ್ರ ಕರೀ ಹೊಗಿ ಬರ್ತದ, ಗಾಡಿ ನಿಲ್ತದ. ಲೈಟು ಜಾಸ್ತಿ ಹತ್ತಿದ್ದು ನಾ ಒಂದಿನಾನೂ ನೋಡಿಲ್ರಿ. ರೂಹ್, ಅಂದ್ರ ಆತ್ಮ, ಹೊರಗ ಹೋಗಿತ್ತು, ಊಪರ್‌ವಾಲಾ ವಾಪಸ್ ಕಳಿಸ್ದ. ಸೀದಾ ಮಾತು."

ನನಗೆ ಸಿಟ್ಟು ಬಂತು. ಉತ್ತರ ಹೊಳೆಯದಿದ್ದರೆ ಮಾಸ್ತರರಿಗೆ ಬರುವುದು ಅದೊಂದೇ. "ನಿನಗ ವಿಜ್ಞಾನ ಗೊತ್ತಿಲ್ಲ," ಎಂದೆ.

"ಖರೆ ಅದರಿ. ಆದ್ರ ಅಕ್ಕಾ ಸತ್ತಾಳ ಅಂದವರು ನೀವೇ ಅಲ್ರೀ?"

ನಾನು ಎದ್ದು ಚಪ್ಪಲಿ ಹುಡುಕಿದೆ.

ಈ ವಾದದಲ್ಲಿ ಬಾಯಿ ಹಾಕದವನು ಮಾಮಾ ಒಬ್ಬನೇ. ಅವನಿಗೆ ಬೆಳಕೂ ಬೇಡ, ರೂಹೂ ಬೇಡ, ಪ್ರಾಣವಾಯುವೂ ಬೇಡ. ಒಂದು ಸಂಜೆ ಊಟಕ್ಕೆ ಕೂತಾಗ ತಾಟಿನ ಮೇಲಿನ ಕಣ್ಣೆತ್ತದೆ ಕೇಳಿದ:

"ಅಲ್ಲಿ ನಿನಗ ನನ್ನ ನೆನಪ ಬಂತೇನು?"

ಅತ್ತೆ ಸುಳ್ಳು ಹೇಳಲು ಬಾರದ ಹೆಂಗಸು. "ಇಲ್ರಿ," ಎಂದಳು.

"ಒಂಚೂರೂ?"

"ಯಾರದೂ ಬರ್ಲಿಲ್ರಿ. ತಿರುಗಿ ಬರಬೇಕಂತನೂ ಅನಸಲಿಲ್ಲ."

ಮಾಮಾ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದ. ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಆದರೆ ಪಂಚಮಿ ಬಂದಾಗ ಅತ್ತೆ ಹೊಸ ಖಣದ ಬಟ್ಟೆ ಕೊಟ್ಟರೆ, "ಪ್ಯಾಟ್ಯಾಗ ಭಾಳ ಮಂದಿ ಲೇಡೀಸ್ ಟೇಲರ್ ಅದಾರ, ಅವರ ಕಡಿ ಕೊಡು," ಎಂದುಬಿಟ್ಟ. ಅತ್ತೆಯೂ ಹಟಕ್ಕೆ ಬಿದ್ದು ಕೊಟ್ಟಳು. ಆ ಹಬ್ಬಕ್ಕೆ ಅವಳು ತೊಟ್ಟದ್ದು ಭುಜದಿಂದ ಜಾರುವ, ತೋಳಿನಲ್ಲಿ ಬಿಗಿಯುವ ಪರರು ಹೊಲಿದ ಕುಪ್ಪಸ. ದಿನವಿಡೀ ಭುಜ ಎಳೆದುಕೊಳ್ಳುತ್ತ, "ಖರೆ ಹೇಳಿದ್ದೇ ತಪ್ಪಾತಲ್ಲೋ," ಎಂದು ನನ್ನ ಮುಂದೆ ಕಣ್ಣೀರು ತೆಗೆದಳು. ಮೊದಲು ಅವಳನ್ನು ಸಾಯಿಸಿದವನು ನಾನು, ಈಗ ಬದುಕಿಸಬೇಕಾದವನೂ ನಾನೇ.

ಮರುದಿನ ಶಾಲೆ ಬಿಟ್ಟೊಡನೆ ಮಾಮಾನ ಅಂಗಡಿಗೆ ಹೋದೆ. ಹೊಲಿಗೆ ಯಂತ್ರ ತುಳಿಯುತ್ತಲೇ "ಬಾ" ಎಂದ. ನಾನು ಸ್ಟೂಲಿನ ಮೇಲೆ ಕೂತು, ಮನುಷ್ಯರನ್ನು ನೆನಪಿಡುವ ಭಾಗ ಮಿದುಳಿನಲ್ಲಿ ಬಹಳ ನಾಜೂಕು, ಪ್ರಾಣವಾಯು ಸಾಲದಿದ್ದರೆ ಮೊದಲು ನಿಲ್ಲುವುದೇ ಅದು ಎಂದು ವಿವರಿಸಿದೆ. ನನಗೆ ತಿಳಿದಿದ್ದುದು ನಾಲ್ಕಾಣೆ, ಹೇಳಿದ ಧೈರ್ಯ ಹದಿನಾರಾಣೆ.

ಯಂತ್ರ ನಿಂತಿತು. "ಅಂದ್ರ ಅಕಿ ನನ್ನ ಮರ್ತಿಲ್ಲ?"

"ಇಲ್ಲ ಮಾಮಾ."

"ಹವಾ ಸಾಲಲಿಲ್ಲ, ಅಷ್ಟೇನು?"

"ಅಷ್ಟೇ."

"ಹವಾ ಇದ್ದಿದ್ರ ನೆನೀತಿದ್ಳು?"

"ನೆನೀದೇ ಏನ್ ಮಾಡ್ತಿದ್ಳು?"

ಮಾಮಾ ಕನ್ನಡಕ ತೆಗೆದು ಒರೆಸಿದ. ಒರೆಸಬೇಕಾದದ್ದು ಕನ್ನಡಕವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ವಾರವೇ ಅತ್ತೆಯ ಪೆಟ್ಟಿಗೆಯಿಂದ ಆ ಹಾಳು ಕುಪ್ಪಸ ಹೊರಬಿದ್ದು, ಹೊಲಿಗೆ ಬಿಚ್ಚಿಸಿಕೊಂಡು, ಅವಳ ಮೈಗೆ ಸರಿಯಾಗಿ ತಿರುಗಿ ಬಂತು. ಮುಂದೆ ಪಡಸಾಲೆಯಲ್ಲಿ ವಾದ ಎದ್ದಾಗಲೆಲ್ಲ ಮಾಮಾ ನನ್ನ ಪಕ್ಷ. "ಮೌಲಾ, ಸುಮ್ಮಿರು, ಅದೆಲ್ಲ ಹವಾದ ಆಟ," ಎಂದು ಗದರುತ್ತಿದ್ದ. ವಿಜ್ಞಾನವನ್ನು ಅಷ್ಟು ಪ್ರೀತಿಯಿಂದ ನಂಬಿದ ಶಿಷ್ಯ ನನಗೆ ಇನ್ನೊಬ್ಬ ಸಿಗಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಮಾಮಾ ತೀರಿಕೊಂಡ. ಈ ಸಲ ನನ್ನ ಮಾತಿಗೆ ಬಿಡಲಿಲ್ಲ, ಡಾಕ್ಟರೇ ಬಂದು ನೋಡಿ ಹೇಳಿದರು. ಆದರೂ ಅತ್ತೆ ಒಪ್ಪಲಿಲ್ಲ. ಗೋಡೆಗೆ ಆನಿಸಿ ಕೂರಿಸಿದ ಗಂಡನ ಪಕ್ಕದಲ್ಲೇ ಕೂತು, "ಬೆನ್ನ ನೆಟ್ಟಗ ಮಾಡ್ರಿ. ಇನ್ನೊಂದೀಟು ನೆಟ್ಟಗ ಮಾಡ್ರಿ," ಎನ್ನುತ್ತಿದ್ದಳು. ತಾನೇ ಅವನ ಬೆನ್ನಿಗೆ ಅಂಗೈ ಕೊಟ್ಟು ಒತ್ತಿ, ಮುಖ ನೋಡುತ್ತಿದ್ದಳು. ಮತ್ತೆ ಒತ್ತುತ್ತಿದ್ದಳು. ಹೊತ್ತು ಇಳಿಯತೊಡಗಿದರೂ "ತಡೀರಿ" ಎನ್ನುತ್ತಿದ್ದಳು. ಎತ್ತಿರಿ ಎಂದು ಹೇಳುವ ಎದೆ ಯಾರಿಗೂ ಇರಲಿಲ್ಲ. ಕೊನೆಗೆ ಮೌಲಾಸಾಬ ಬಂದು, "ಅಕ್ಕಾ, ಬಿಡ್ರಿ, ಅಣ್ಣಗ ಹೊತ್ತಾಗಾಕತ್ತದ," ಎಂದ ಮೇಲೆ ಕೈ ತೆಗೆದಳು.

ನಿನ್ನೆ ಹೋಗಿದ್ದೆ. ಅತ್ತೆ ಪಡಸಾಲೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಅವಳ ಸೊಸೆ ಒಳಗೆ ಚಹಾಕ್ಕೆ ಇಟ್ಟಿದ್ದಳು. ಹುಡಗಿ ಗ್ರಾಮದಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ಹೊರಡುತ್ತ, "ಅಳಬ್ಯಾಡ್ರಿ, ಅವರು ಮ್ಯಾಲಿಂದ ನಿಮ್ಮನ್ನ ನೋಡಾಕತ್ತಾರ," ಎಂದು ಸಮಾಧಾನ ಹೇಳಿ ಹೋದಳು. ಆ ಹೆಂಗಸು ಕಣ್ಮರೆಯಾದ ಮೇಲೆ ಅತ್ತೆ ನನ್ನ ಕಡೆ ತಿರುಗಿದಳು.

"ಎಲ್ಲಾರೂ ಹಿಂಗೇ ಅಂತಾರ. ಅಲ್ಲಿ ಹೋಗಿ ಬಂದಾಕಿ ನಾ. ಅಲ್ಲಿ ಯಾರದೂ ನೆನಪು ಬರಂಗಿಲ್ಲ ಅಂತ ನನಗ ಗೊತ್ತದ. ಅವರು ನನ್ನ ನೋಡಾಕತ್ತಿಲ್ಲ."

ನಾನು ಸೊಪ್ಪಿನ ಒಂದು ಕಡ್ಡಿ ಹಿಡಿದು ಸುಮ್ಮನೆ ಮುರಿಯುತ್ತ ಕೂತೆ.

"ನೀ ಅವಾಗ ಹೇಳಿದ್ದಿಯಲ್ಲ, ಹವಾ ಸಾಲದಕ್ಕ ನೆನಪು ಬರ್ಲಿಲ್ಲ ಅಂತ. ಅದು ಖರೇನೋ, ಮಾಮಾನ ಸಮಾಧಾನಕ್ಕ ಹೇಳಿದ್ದೋ? ಖರೆ ಇದ್ರ ನಾ ಕಂಡದ್ದು ಸುಳ್ಳು ಅಂತಾತು. ಸುಳ್ಳಾದ್ರ ಛಲೋ. ಅವರಿಗೆ ನನ್ನ ನೆನಪು ಇರಬಹುದಲ್ಲ?"

ಮೂವತ್ತು ವರ್ಷ ಪಾಠ ಮಾಡಿದ ಬಾಯಿ ನನ್ನದು. ಖರೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ನನ್ನೆದುರು ಕೂತವಳು, ಗಂಡ ಮುನಿಯುತ್ತಾನೆಂದು ಗೊತ್ತಿದ್ದೂ ಸುಳ್ಳಾಡದ ಹೆಂಗಸು.

"ನನಗ ಗೊತ್ತಿಲ್ಲ ಅತ್ತಿ," ಎಂದೆ.

ಅತ್ತೆ ಮೊರ ಪಕ್ಕಕ್ಕಿಟ್ಟು ಹೇಳಿದಳು, "ಇರ್ಲಿ ಬಿಡು. ಹೋದ ಸಲ ನಾ ಬೆಳಕ ನೋಡ್ಕೋತ ನಿಂತೆ, ಯಾರನ್ನೂ ಹುಡಕಲಿಲ್ಲ. ಹುಡಕಾಕ ಅಲ್ಲಿ ನನ್ನವರು ಅಂತ ಯಾರಿದ್ರು ಅವಾಗ? ಈ ಸಲ ಹೋದ್ರ ಬೆಳಕಿನ ಕಡಿ ನೋಡಂಗೇ ಇಲ್ಲ. ಮೊದಲ ಅವರನ್ನ ಹುಡಕ್ತೀನಿ. ಅವರು, ಯಾರವ್ವಾ ನೀ, ಅಂದ್ರೂ ಅಡ್ಡಿಯಿಲ್ಲ."

ಬಸ್ಸು ಹುಮನಾಬಾದ್ ಮುಟ್ಟುವವರೆಗೂ ನಾನು, ಅತ್ತೆಗೆ ಮಾಮಾ ಸಿಗಲಪ್ಪಾ ಎಂದು ಬೇಡಿಕೊಳ್ಳುತ್ತಲೇ ಬಂದೆ. ಯಾರಲ್ಲಿ ಬೇಡಿಕೊಂಡೆ ಎಂದು ಮಾತ್ರ ಕೇಳಬೇಡಿ.