ದೇವಿಂದ್ರನ ಕೆಮ್ಮು, ಇಮಾಮ್ಬೀಯ ನಿದ್ದೆ

ಚಿತ್ತಾಪುರದ ಕೋರ್ಟಿನಲ್ಲಿ ನೋಟಿಸು ಮುಟ್ಟಿಸುವ ದೇವಿಂದ್ರ ಮನುಷ್ಯಕುಲವನ್ನು ಪೂರ್ತಿ ಅರೆದು ಕುಡಿದವನು. ಅಣ್ಣನ ಮೇಲೆ ತಮ್ಮ, ತಾಯಿಯ ಮೇಲೆ ಮಗ ಹೂಡಿದ ದಾವೆಗಳನ್ನು ಮನೆಮನೆಗೆ ಹಂಚಿ ಹಂಚಿ, ಲಾಭವಿಲ್ಲದೆ ಯಾರೂ ಯಾರಿಗೂ ಒಂದು ತಂಬಿಗೆ ನೀರು ಕೊಡುವುದಿಲ್ಲ ಎಂಬ ತೀರ್ಪಿಗೆ ಬಂದಿದ್ದ. ವಾಡಿಯ ರೈಲಿನಲ್ಲಿ ಮುದುಕರಿಗೆ ಸೀಟು ಬಿಟ್ಟುಕೊಟ್ಟರೂ, ಅವರು ಹರಸುವ ಮೊದಲೇ, "ನಾಳಿ ನಾನೂ ಮುದುಕ ಆಗಾಂವ, ಅದಕ್ಕ ಕೊಟ್ಟೀನಿ. ಪುಣ್ಯಗಿಣ್ಯ ಏನಿಲ್ಲ" ಎಂದು ಖುಲಾಸೆ ಮಾಡಿಬಿಡುತ್ತಿದ್ದ.

ಇಂಥವನಿಗೆ ಚಳಿಗಾಲದಲ್ಲಿ ಕೆಮ್ಮು ಹತ್ತಿತು. ಪಕ್ಕದ ಮನೆಯ ಬಳೆ ಮಾರುವ ಇಮಾಮ್ಬೀ ಗೋಡೆಯ ಮೇಲಿಂದ ಶುಂಠಿ ಕಷಾಯದ ಲೋಟ ಚಾಚಿದಳು. ದಿನವೂ ಚಾಚಿದಳು. ದೇವಿಂದ್ರ ಕಷಾಯ ಕುಡಿದ, ಜೊತೆಗೆ ತನಿಖೆಯನ್ನೂ ಶುರುಮಾಡಿದ. ಅವಳ ಹೆಸರಲ್ಲಿ ಯಾವ ದಾವೆಯೂ ಇರಲಿಲ್ಲ. ನಡುಗೋಡೆ ಸರಿದಿದೆಯೇ ಎಂದು ಟೇಪು ಹಿಡಿದು ಅಳೆದ. ಸರಿದಿತ್ತು, ಆದರೆ ಅವಳ ಅಂಗಳದೊಳಗೆ. ಆ ವಿಷಯವನ್ನು ಅಲ್ಲಿಗೇ ಬಿಟ್ಟ.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ: "ಅಕ್ಕಾ, ಖರೇ ಹೇಳ್ರಿ. ನನ್ನಿಂದ ನಿಮಗೇನು ಆಗಬೇಕಾಗ್ಯದ?"

"ನಿನ್ನ ಕೆಮ್ಮು ನಿಂದ್ರಬೇಕಾಗ್ಯದ ತಮ್ಮಾ. ಆ ಸಪ್ಪಳಕ್ಕ ನನಗ ನಿದ್ದಿನೇ ಬರವಲ್ದು."

ಕಷಾಯದಿಂದ ಆಗದ ಸಮಾಧಾನ ಈ ಮಾತಿನಿಂದ ಆಯಿತು. ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ದೇವಿಂದ್ರ ಸಾರಿದ: "ನೋಡ್ರಿ, ಕಷಾಯ ನನಗ, ನಿದ್ದಿ ಆಕಿಗಿ! ನಾ ಹೇಳಿದ್ದಿಲ್ಲಾ?"

ಕೆಲದಿನಗಳಲ್ಲಿ ಕೆಮ್ಮು ನಿಂತಿತು. ಮರುದಿನ ಬೆಳಿಗ್ಗೆಯೇ ಇಮಾಮ್ಬೀ ಬಾಗಿಲು ಬಡಿದಳು. ಕಣ್ಣು ಕೆಂಪು, ಸೆರಗು ಓರೆ.

"ಮತ್ತೇನ್ರಿ ಅಕ್ಕಾ? ಕೆಮ್ಮು ಹೋಯ್ತಲ್ಲ, ಆರಾಮ ಮಕ್ಕೋರಿ."

"ಎಲ್ಲಿ ಮಕ್ಕೊಳ್ಳಿ? ರಾತ್ರಿ ಒಂದು ಸಲನೂ ಕೆಮ್ಮಲಿಲ್ಲ ನೀನು. ಏನರೆ ಆಯ್ತೇನೋ ಅಂತ ಗೋಡಿಗಿ ಕಿವಿ ಹಚ್ಚಿ ಕುಂತಿದ್ದೆ."

ಇದನ್ನು ಕಾನೂನಿನ ಯಾವ ಕಲಮಿನಡಿ ಸೇರಿಸಬೇಕೆಂದು ತಿಳಿಯದೆ ದೇವಿಂದ್ರ ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದ. ಹೆಂಡತಿ ಲಾಲಮ್ಮ ಒಳಗಿನಿಂದ, "ಸರದು ನಿಂದ್ರಿ, ಅಕ್ಕ ಒಳಗ ಬರ್ಲಿ. ಬರ್ರಿ ಅಕ್ಕಾ, ಚಹಾಕ್ಕ ಇಟ್ಟೀನಿ" ಎಂದಳು.

ಚಹಾದಂಗಡಿಗೆ ಈ ಸುದ್ದಿ ಹೋಗಲಿಲ್ಲ. ಅಂದು ಮಲಗುವ ಮುಂಚೆ ಮಾತ್ರ ದೇವಿಂದ್ರ ನಡುಗೋಡೆಯ ಕಡೆ ಮುಖಮಾಡಿ ಎರಡು ಸಲ ಜೋರಾಗಿ ಕೆಮ್ಮಿದ.

"ಕೆಮ್ಮು ಹೋಗಿತ್ತಲ್ರಿ?" ಎಂದಳು ಲಾಲಮ್ಮ.

"ಆಕಿ ಮತ್ತ ಬಂದು ಬಾಗಿಲು ಬಡದ್ರ ನನ್ನ ನಿದ್ದಿ ಕೆಡ್ತದ. ನನ್ನ ಸಲುವಾಗೇ ಕೆಮ್ಮೀನಿ, ತಿಳೀತಾ?"

ಲಾಲಮ್ಮ ಹೂಂ ಎನ್ನುವಷ್ಟರಲ್ಲಿ ಗೋಡೆಯಾಚೆ ಇಮಾಮ್ಬೀ ಗೊರಕೆ ಹೊಡೆಯತೊಡಗಿದ್ದಳು.