ಓದು ನಿಂತ ಕಾರಣ

ಕೋರ್ಟಿನ ಗೇಟಿಗೆ ಅಂಟಿಕೊಂಡಂತೆ ನನ್ನ ಜೆರಾಕ್ಸ್ ಅಂಗಡಿ, ಅದರ ಮಗ್ಗುಲಲ್ಲೇ ಅವಳ ಟೈಪಿಂಗ್ ಮೇಜು. ಇಪ್ಪತ್ತೊಂದು ವರ್ಷದಿಂದ ಊರವರ ಜಗಳಗಳನ್ನೆಲ್ಲ ಅಫಿಡವಿಟ್ ಮಾಡಿಕೊಡುತ್ತಿದ್ದಾಳೆ. ಟೈಪ್ ಮಾಡಿದ್ದನ್ನು ಪೂರ್ತಿ ಓದಿ ಹೇಳದೆ ಯಾರ ಸಹಿಗೂ ಕೊಟ್ಟವಳಲ್ಲ. ಓದುವಾಗ ಕಾಮಾ, ಫುಲ್‌ಸ್ಟಾಪುಗಳನ್ನೂ ಬಿಡುವುದಿಲ್ಲ. ಹಾಗಾಗಿ ವಕೀಲರ ಬಾಯಲ್ಲಿ ಅವಳು ಫುಲ್‌ಸ್ಟಾಪಮ್ಮ. ಎಷ್ಟೋ ಸಲ ಕೇಳಿ ಕೇಳಿ ನನಗೇ ತಲೆ ಚಿಟ್ಟು ಹಿಡಿದಿದೆ.

ಹೋದ ವರ್ಷ, ಮೂವತ್ತೊಂಬತ್ತರ ವಯಸ್ಸಿನಲ್ಲಿ, ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬಿದಳು. "ಯಾರಿಗೂ ಹೇಳ್ಬೇಡಿ ಅಣ್ಣಾ" ಅಂದಳು. ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಮಟ್ಟಿಗೆ ಅದು ಸಣ್ಣ ತ್ಯಾಗವಲ್ಲ. ಹಳೇ ಪ್ರಶ್ನೆಪತ್ರಿಕೆಗಳನ್ನು ಪ್ರತಿ ತೆಗೆದು ಕೊಡುತ್ತಿದ್ದೆ, ಉತ್ತರ ತಾಳೆ ನೋಡುವುದೂ ನನ್ನದೇ ಕೆಲಸ. ಒಂದು ನಿಯಮ, ಒಂದು ಘಟನೆ ಕೊಟ್ಟು ಅಷ್ಟರಿಂದಲೇ ತೀರ್ಮಾನಿಸಿ ಅನ್ನುವ ಪ್ರಶ್ನೆಗಳಲ್ಲಿ ಅವಳು ದಿನಾ ಮುಗ್ಗರಿಸುತ್ತಿದ್ದಳು.

"ಈ ಸಾಕ್ಷಿ ನಾಳೆ ಉಲ್ಟಾ ಹೊಡೀತಾನೆ ಅಣ್ಣಾ, ಕೇಸ್ ನಿಲ್ಲಲ್ಲ."

"ಪ್ರಶ್ನೇಲಿ ಹಾಗಂತ ಎಲ್ಲಮ್ಮಾ ಇದೆ?"

"ಪ್ರಶ್ನೇಲಿಲ್ಲ. ಆದ್ರೆ ನನಗೆ ಗೊತ್ತಲ್ಲ!"

ಪರೀಕ್ಷೆಗೆ ಎರಡು ತಿಂಗಳಿರುವಾಗ ಅವಳ ತಾಯಿ ಒಂದು ಚೀಲ ಹಿಡಿದು ಮಗಳ ಮನೆಗೆ ಬಂದರು. ನಲವತ್ತು ವರ್ಷ ಸಂಸಾರ ಮಾಡಿದ ಮೇಲೆ ಗಂಡ "ಹೊರಗೆ ನಡಿ" ಅಂದಿದ್ದರು. ತಾಯಿ ಜೀವನಾಂಶಕ್ಕೆ ಕೇಸು ಹಾಕಿದರು. ಆಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಇವಳು ಪುಸ್ತಕ ಬಿಚ್ಚಿದರೆ ಸಾಕು, ಅವರ ಅಳು ಶುರು. ತಂಗಿ ಫೋನು ಮಾಡಿ, "ನೀನೇ ಹೇಗಾದ್ರೂ ರಾಜಿ ಮಾಡಿಸಕ್ಕಾ" ಅಂದು ಕೈ ತೊಳೆದುಕೊಂಡಳು. ಇವಳು ಬೆಳಿಗ್ಗೆ ಏಳಕ್ಕೇ ಬಂದು ನನ್ನ ಅಂಗಡಿಯ ಮುಚ್ಚಿದ ಶಟರಿಗೆ ಒರಗಿ ಓದುತ್ತಿದ್ದಳು.

ಪರೀಕ್ಷೆಗೆ ಹನ್ನೊಂದು ದಿನವಿದ್ದಾಗ ತಂದೆ ಬಂದರು, ಆ ಕೇಸಿಗೆ ಉತ್ತರವಾಗಿ ಅಫಿಡವಿಟ್ ಮಾಡಿಸಲು. ಆ ಸಾಲಿನಲ್ಲಿ ಇನ್ನೂ ನಾಲ್ಕು ಟೈಪಿಂಗ್ ಮೇಜುಗಳಿದ್ದವು.

"ಮಗಳಿರುವಾಗ ಬೇರೆಯವರ ಹತ್ರ ಯಾಕೆ ಹೋಗ್ಲಿ?" ಅಂದರು. ನನಗೆ ಮೈಯೆಲ್ಲ ಉರಿಯಿತು. ಅವಳು ಕೀಲಿಮಣೆ ಎಳೆದುಕೊಂಡು "ಹೇಳಿ" ಅಂದಳು, ಅಷ್ಟೇ.

ಅವರು ಹೇಳುತ್ತ ಹೋದರು. ಹೆಂಡತಿ ಸ್ವಂತ ಇಷ್ಟದಿಂದ ಮನೆ ಬಿಟ್ಟು ಹೋಗಿದ್ದಾಳೆ. ಸಂಸಾರಕ್ಕೆ ತಾನು ಯಾವ ಕೊರತೆಯನ್ನೂ ಮಾಡಿಲ್ಲ. ದೊಡ್ಡ ಮಗಳು ಸ್ವಂತ ಇಷ್ಟದಿಂದ ಓದು ಬಿಟ್ಟು ಕೆಲಸಕ್ಕೆ ಸೇರಿದಳು. ಅವಳ ಬೆರಳು ಎಲ್ಲೂ ತಡವರಿಸಲಿಲ್ಲ. ಹನ್ನೆರಡನೇ ತರಗತಿ ಮುಗಿಸಿದ ಹುಡುಗಿಯನ್ನು ಇದೇ ಮೇಜಿಗೆ ಕರೆತಂದು, ಆಗ ಇಲ್ಲಿದ್ದ ಮುದುಕ ಟೈಪಿಸ್ಟನಿಗೆ ಒಪ್ಪಿಸಿ ಹೋದವರು ಇವರೇ. ಅತ್ತು ಅತ್ತು ಅವಳ ಕಣ್ಣು ಊದಿದ್ದನ್ನು ನಾನು ನೋಡಿದ್ದೆ. ಅವತ್ತೂ ನಾನು ತುಟಿ ಬಿಚ್ಚಲಿಲ್ಲ, ಇವತ್ತೂ ಇಲ್ಲ.

"ಓದ್ತೀನಿ, ಕೇಳಿ." ಹಾಳೆ ತೆಗೆದು, ಎಲ್ಲರಿಗೂ ಓದುವ ಅದೇ ದನಿಯಲ್ಲಿ ಓದಿದಳು. "ದೊಡ್ಡ ಮಗಳು ಸ್ವಂತ ಇಷ್ಟದಿಂದ ಓದು ಬಿಟ್ಟು ಕೆಲಸಕ್ಕೆ ಸೇರಿದಳು, ಫುಲ್‌ಸ್ಟಾಪ್." ಅಲ್ಲಿ ನಿಲ್ಲಿಸಿ ತಂದೆಯ ಮುಖ ನೋಡಿದಳು.

ಅವರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. "ಅದೊಂದು ಸಾಲು ಬೇಡ, ತೆಗೆದುಬಿಡು."

"ಗೀಟು ಹಾಕಿ, ಪಕ್ಕದಲ್ಲಿ ನೀವೇ ಸಹಿ ಮಾಡಿ."

ತಿದ್ದಿ ಬೇರೆ ಹಾಳೆ ತೆಗೆಯಲು ಒಂದು ನಿಮಿಷ ಸಾಕಿತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಮುದುಕರು ಗೀಟೆಳೆದು ಸಹಿ ಮಾಡಿದರು. ಹೆಂಡತಿಯ ಸಾಲನ್ನು ಇದ್ದ ಹಾಗೆಯೇ ಬಿಟ್ಟು, ಕಾಗದ ಮಡಚಿಕೊಂಡು ಹೋದರು.

ಅವಳು ನನ್ನ ಮೆಷಿನ್ನಿನ ಹಿಂದೆ ಬಂದು ನಿಂತು ಅತ್ತಳು. "ಅಮ್ಮನ ಸಾಲಿಗೂ ಗೀಟು ಹಾಕ್ತಾರೆ ಅಂದ್ಕೊಂಡಿದ್ದೆ ಅಣ್ಣಾ." ನನಗೂ ತಡೆಯಲಾಗಲಿಲ್ಲ, ಅತ್ತೆ.

ತಾಯಿಯ ಕೇಸು ಇನ್ನೂ ಎಳೆದಾಡುತ್ತಿದೆ. ಪರೀಕ್ಷೆ ಬರೆದವಳಿಗೆ ಸಂಜೆ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಪಟ್ಟಿಯ ತೀರಾ ಕೆಳಗೆ. ಓದು ಮಧ್ಯೆ ನಿಂತಿದ್ದರೆ ಕಾರಣ ತಿಳಿಸಿ ಅಫಿಡವಿಟ್ ಕೊಡಬೇಕೆಂದು ಕಾಲೇಜಿನವರು ಕೇಳಿದರು. ಅಂಥವನ್ನು ಅವಳು ನೂರಾರು ಮಕ್ಕಳಿಗೆ ಮಾಡಿಕೊಟ್ಟಿದ್ದಳು. ಅನಾರೋಗ್ಯ, ಇಲ್ಲವೇ ಕೌಟುಂಬಿಕ ಕಾರಣ, ಮುಗಿಯಿತು. ತನ್ನದನ್ನು ಟೈಪ್ ಮಾಡಲು ಮಾತ್ರ ಒಂದು ಮಧ್ಯಾಹ್ನವೇ ಹಿಡಿಯಿತು. ಹಾಳೆಯನ್ನು ನನ್ನ ಮುಂದಿಟ್ಟಳು.

"ಓದಿ ಹೇಳಿ ಅಣ್ಣಾ. ಸಹಿ ಮಾಡೋರಿಗೆ ಓದಿ ಹೇಳ್ಬೇಕು."

ಕನ್ನಡಕ ಹಾಕಿಕೊಂಡೆ. "ಓದನ್ನು ನಾನು ಬಿಡಲಿಲ್ಲ, ಕಾಮಾ, ನನ್ನ ತಂದೆ ಬಿಡಿಸಿದರು." ಅಲ್ಲಿ ನಿಲ್ಲಿಸಿ ಕನ್ನಡಕ ತೆಗೆದು ಒರೆಸಿಕೊಂಡೆ.

ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು. "ಇನ್ನೂ ಒಂದಿದೆ ಅಣ್ಣಾ."

"ಫುಲ್‌ಸ್ಟಾಪ್" ಅಂದೆ. ಅವಳು ಸಹಿ ಮಾಡಿದಳು.