ಬಿಳಿ ಟೈಲ್ಸಿನ ನಡುವೆ ಅಂಚೆಚೀಟಿಯಷ್ಟು ನಗು

ಬೆಳಗಿನ ಐದೂವರೆ. ಮಾಲೂರಿನ ಹಳೆಯ ಹೆಂಚಿನ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಂದೇ ಕಿಟಕಿಯಲ್ಲಿ ದೀಪ ಉರಿಯುತ್ತಿದೆ. ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಹತ್ತಡಿ ಜಾಗದಲ್ಲಿ ನಿಶಾತ್ ಪ್ರಿಂಟರಿನ ಮುಂದೆ ಮಂಡಿಯೂರಿ ಕುಳಿತಿದ್ದಾರೆ. ಹೊರಬರುವ ಹಾಳೆಯಲ್ಲಿ ಯಾರದೋ ಮದುವೆಯ ಜೋಡಿ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿದೆ. ಅದನ್ನು ಬಿಳಿ ಟೈಲ್ಸಿನ ಮೇಲೆ ಬೋರಲು ಮಲಗಿಸಿ, ಮೂಲೆಗಳಿಗೆ ಟೇಪು ಹಚ್ಚಿ, ದೊಡ್ಡ ಇಸ್ತ್ರಿಪೆಟ್ಟಿಗೆಯಂಥ ಯಂತ್ರದಡಿ ಇಡುತ್ತಾರೆ. ಇನ್ನೂರು ಡಿಗ್ರಿ ಶಾಖ, ಆರು ನಿಮಿಷ. ಆಮೇಲೆ ಹಾಳೆ ಸುಲಿದರೆ ಜೋಡಿ ಟೈಲ್ಸಿಗೆ ಇಳಿದಿರುತ್ತದೆ, ನೀರು ಸುರಿದರೂ ಹೋಗದ ಹಾಗೆ.

"ಈ ಹೊತ್ತಲ್ಲಿ ಕರೆಂಟು ಕುಣಿಯಲ್ಲಮ್ಮ. ಎಂಟಾದ್ಮೇಲೆ ಬೀದಿಯವ್ರೆಲ್ಲ ಮೋಟ್ರು, ಮಿಕ್ಸಿ ಹಾಕ್ತಾರೆ. ನನ್ ಕಂಪ್ಯೂಟ್ರು ಆಗ ಕಣ್ ಹೊಡೆಯಕ್ ಶುರು ಮಾಡ್ತದೆ" ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಅವರ ಗಂಡ ಶಾಕಿರ್ ಇಟ್ಟಿಗೆ ಲಾರಿ ಓಡಿಸುತ್ತಾರೆ. ಆರಕ್ಕೆ ಹೊರಡುವ ಮುಂಚೆ ಹೆಂಡತಿಯ ಪಕ್ಕ ಟೀ ಇಟ್ಟು, "ಕ್ಯಾ ಡಾಕ್ಟರಮ್ಮಾ, ಮರೀಜ್ ಕೈಸಾ ಹೈ?" ಎಂದು ಛೇಡಿಸುತ್ತಾರೆ. ಮರೀಜ್, ಅಂದರೆ ರೋಗಿ, ಆ ಹಳೆಯ ಪ್ರಿಂಟರು. "ನಿಮ್ ಲಾರಿಗಿಂತ ವಾಸಿ, ನೂಕೋ ಕೆಲ್ಸ ಇಲ್ಲ" ಎಂದು ನಿಶಾತ್ ತಲೆ ಎತ್ತದೆ ಹೇಳುತ್ತಾರೆ. ಟೀ ಲೋಟದ ಮೇಲೆ ತಟ್ಟೆ ಮುಚ್ಚಿದೆ. ಅವರು ಕುಡಿಯುವುದು ಅರ್ಧ ಗಂಟೆ ಬಿಟ್ಟು ಎಂದು ಶಾಕಿರ್‌ಗೆ ಗೊತ್ತು.

ನಿಶಾತ್‌ಗೆ ಈಗ ನಲವತ್ತಮೂರು. ತಂದೆ ಇದೇ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊತ್ತವರು. ಊರಿನ ಮನೆಗಳಿಗೆಲ್ಲ ಹೆಂಚಿನ ಬದಲು ಸಿಮೆಂಟಿನ ಮೋಲ್ಡ್ ಬಂದ ಮೇಲೆ ಕಾರ್ಖಾನೆ ಮುಚ್ಚಿತು, ಮಗಳ ಓದು ಪಿಯುಸಿಗೆ ನಿಂತಿತು. ಮದುವೆಯಾದ ಮೇಲೆ ಮೂರು ತಿಂಗಳ ಕಂಪ್ಯೂಟರ್ ತರಬೇತಿ ಪಡೆದರು. ಎಂಟು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ಮನೆಗೆ ಬಂತು. ಈಗ ದಿನಕ್ಕೆ ಎಂಟು ಹತ್ತು ಟೈಲ್ಸು, ಹದಿನೈದು ಟೀ ಕಪ್ಪು, ಮದುವೆ ಕಾಲದಲ್ಲಿ ಅದರ ಎರಡರಷ್ಟು. ಶಿವಾರಪಟ್ಟಣದ ಶಿಲ್ಪಿಗಳು ಮೂರ್ತಿಯ ಚಿತ್ರ ತಂದು, ನಾಲ್ಕು ಹಾಳೆ ಜೋಡಿಸುವಷ್ಟು ದೊಡ್ಡದು ಮಾಡಿಸಿಕೊಂಡು ಹೋಗುತ್ತಾರೆ. ಆದರೆ ಹೆಚ್ಚು ಬರುವುದು ತೀರಿಕೊಂಡವರ ಫೋಟೋ. ನಿಶಾತ್ ಅವರ ಎಡ ಮುಂಗೈಯಲ್ಲಿ ಸಾಲಾಗಿ ಸುಟ್ಟ ಕಲೆಗಳಿವೆ. ಕೇಳಿದರೆ ಬಳೆ ಎಂದು ನಗುತ್ತಾರೆ. ಬಣ್ಣ ಕೆಟ್ಟ ಕಪ್ಪುಗಳನ್ನು ಅವರು ಎಸೆಯುವುದಿಲ್ಲ. ಬೀದಿಯ ಎಷ್ಟೋ ಹೊಸ್ತಿಲುಗಳ ಪಕ್ಕ, ಅರ್ಧ ಮುಖದ ಕಪ್ಪುಗಳಲ್ಲಿ ಪುದೀನ ಚಿಗುರಿದೆ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಹಳ್ಳಿಯಿಂದ ಬರುವವರ ಫೋನು ತುಂಬಿ ಒದ್ದಾಡುತ್ತಿರುತ್ತದೆ. ನಿಶಾತ್ ಅದರಲ್ಲಿದ್ದ ಫೋಟೋಗಳನ್ನೆಲ್ಲ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಫೋನಿನಿಂದ ಅಳಿಸಿ, ಹಗುರ ಮಾಡಿ ಕೊಡುತ್ತಿದ್ದರು. ಯಾರೂ ಕೇಳದೆ ಮಾಡುವ ಉಪಕಾರ. ಬೇಕಾದಾಗ ಬನ್ನಿ, ಎಲ್ಲ ನನ್ನ ಹತ್ತಿರ ಭದ್ರವಾಗಿರುತ್ತದೆ ಎನ್ನುತ್ತಿದ್ದರು.

ಕಳೆದ ಅವರೆಕಾಯಿ ಕಾಲದಲ್ಲಿ ಮಾಸ್ತಿ ಕಡೆಯಿಂದ ಎಲ್ಲಪ್ಪ ಬಂದರು. ಎರಡು ಹಸು ಸಾಕಿಕೊಂಡಿರುವ, ಅರವತ್ತೆಂಟರ ಮನುಷ್ಯ. ಹೆಂಡತಿ ಗಂಗರತ್ನಮ್ಮ ತೀರಿ ಎಂಟು ತಿಂಗಳಾಗಿತ್ತು. ಆಧಾರ್ ಕಾರ್ಡಿನಲ್ಲಿ ಆಕೆ ಹೆದರಿಕೊಂಡಂತಿದ್ದಾರೆ. ಮೊಮ್ಮಗಳು ರಾಧಾ ತಾತನ ಫೋನಿನಲ್ಲಿ ತೆಗೆದ ಒಂದೇ ಒಂದು ಚಿತ್ರದಲ್ಲಿ ಮಾತ್ರ ನಗುತ್ತಿದ್ದರು, ಕೈಗೆಲ್ಲ ರಾಗಿಹಿಟ್ಟು, ಸೆರಗನ್ನು ಕರು ಎಳೆಯುತ್ತಿದೆ. ಗೋಡೆಗೆ ಕೂರಿಸಲು ಅದನ್ನು ಅಡಿ ಎತ್ತರದ ಟೈಲ್ಸಿನಲ್ಲಿ ಮಾಡಿಕೊಡಬೇಕೆಂದು ಎಲ್ಲಪ್ಪ ಕೇಳಿದರು.

ನಿಶಾತ್ ಫೋನಿನ ಇನ್ನೂರ ಹನ್ನೆರಡು ಫೋಟೋಗಳನ್ನು ಇಳಿಸಿಕೊಂಡರು. ಇಳಿದು ಮುಗಿಯಿತು ಎನ್ನುವ ಕ್ಷಣದಲ್ಲೇ ಕರೆಂಟು ಹೋಗಿ ಬಂತು. ಕಂಪ್ಯೂಟರು ಮತ್ತೆ ಎದ್ದಾಗ ಲೆಕ್ಕ ಸರಿಯಾಗಿತ್ತು. ಪುಟ್ಟ ಪುಟ್ಟ ಚಿತ್ರಗಳ ಸಾಲಿನಲ್ಲಿ ಗಂಗರತ್ನಮ್ಮನೂ ನಗುತ್ತಿದ್ದರು. ಸರಿ ಎಂದುಕೊಂಡು ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿದರು. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿದರು. "ಎಲ್ಲಪ್ಪಣ್ಣ ಎಷ್ಟ್ ಖುಷಿಯಾದ್ರು ಗೊತ್ತಾ? ಈಗ ಮೊಮ್ಮಗಳ ಕಾಲ್ ಸಲೀಸಾಗಿ ಬರ್ತದಮ್ಮಾ ಅಂದ್ರು."

ಮಾರನೆಯ ಬೆಳಿಗ್ಗೆ ಪ್ರಿಂಟು ಹಾಕಿದರೆ ಹಣೆ, ಕಣ್ಣು, ಮೂಗಿನ ತುದಿಯವರೆಗೆ ಸರಿಯಾಗಿದೆ. ಅಲ್ಲಿಂದ ಕೆಳಗೆ ಹಸಿರು, ನೇರಳೆ ಪಟ್ಟೆಗಳು, ಆಮೇಲೆ ಬರೀ ಬೂದಿ ಬಣ್ಣ. ನಗುವೇ ಇಲ್ಲ. ನಿಶಾತ್ ಪ್ರಿಂಟರನ್ನು ಶಂಕಿಸಿದರು. ಹೆಡ್ಡು ತೊಳೆದರು, ಪರೀಕ್ಷೆಯ ಗೆರೆಗಳು ಚೆನ್ನಾಗಿಯೇ ಬಂದವು. ಕೇಬಲ್ ಬದಲಿಸಿದರು. ಬೇರೊಂದು ಮಗುವಿನ ಫೋಟೋ ಹಾಕಿದರು, ಅದು ಚೊಕ್ಕವಾಗಿ ಬಂತು. ಗಂಗರತ್ನಮ್ಮನನ್ನು ಹಾಕಿದರೆ ಮತ್ತೆ ಮೂಗಿಗೇ ನಿಲ್ಲುತ್ತದೆ. ಐದು ದಿನ, ಮೂವತ್ತೊಂದು ಹಾಳೆ.

ಆರನೆಯ ದಿನ ಬಸ್‌ ನಿಲ್ದಾಣದ ಬಳಿ ಜೆರಾಕ್ಸ್ ಅಂಗಡಿ ಇಟ್ಟಿರುವ ಪವಿತ್ರ ಬಂದರು. "ಅಕ್ಕ, ಫೋಟೋ ತೆಗ್ದು ದೊಡ್ಡದಾಗಿ ನೋಡಿದ್ಯಾ?" ಎಂದು ಕೇಳಿದರು. ನಿಶಾತ್ ನೋಡಿರಲಿಲ್ಲ. ಎಂಟು ವರ್ಷದಿಂದಲೂ ಅವರು ಪುಟ್ಟ ಚಿತ್ರದ ಮೇಲೇ ಒತ್ತಿ ನೇರ ಪ್ರಿಂಟಿಗೆ ಕಳಿಸುವವರು, ಸಮಯ ಉಳಿಯಲೆಂದು. ಪವಿತ್ರ ತೆರೆದರು. ಪರದೆಯ ಮೇಲೂ ಅದೇ ಬೂದಿ. "ಪ್ರಿಂಟ್ರು ಪಾಪ ಏನ್ ಮಾಡ್ತದಕ್ಕ. ಕರೆಂಟ್ ಹೋದಾಗ ಫೋಟೋ ಅರ್ಧಾನೇ ಇಳ್ದಿರೋದು."

ಫೋನಿನಿಂದ ಅಳಿಸಿದ್ದನ್ನು ಹೊರತೆಗೆಯುವ ದಾರಿಗಳನ್ನೂ ಇಬ್ಬರು ಆಮೇಲೆ ಹುಡುಕಿದರು. ಆ ಹೊತ್ತಿಗೆ ಎಲ್ಲಪ್ಪನವರ ಫೋನಿನ ಖಾಲಿ ಜಾಗದಲ್ಲಿ ಹಸುಕರುಗಳ ಹೊಸ ಫೋಟೋ ತುಂಬಿಕೊಂಡಿದ್ದವು. ರಾಧಾ ಆ ಚಿತ್ರವನ್ನು ಯಾರಿಗೂ ಕಳಿಸಿರಲಿಲ್ಲ.

ನಿಶಾತ್ ಮಾತು ನಿಲ್ಲಿಸಿ ಯಂತ್ರದ ಗಂಟೆ ಆಲಿಸುತ್ತಾರೆ. ಟೈಲ್ಸು ತೆಗೆದು ಮಡಿಚಿದ ಬಟ್ಟೆಯ ಮೇಲಿಡುತ್ತಾರೆ. "ಅಳಿಸಿದ್ದು ಗೊತ್ತಿಲ್ದೆ ಆಗಿದ್ದಮ್ಮ. ಅದಕ್ಕೆ ಅಲ್ಲಾ ಮಾಫ್ ಮಾಡ್ಬೋದು. ಆದ್ರೆ ಎಲ್ಲಪ್ಪಣ್ಣ ಗುರುವಾರ ಬಂದಾಗ ನಿಜ ಹೇಳಕ್ಕೆ ಬಾಯಿ ಬರ್ಲಿಲ್ಲ. ಇಂಕ್ ಬಂದಿಲ್ಲ ಅಂದ್ಬಿಟ್ಟೆ. ಅದು ಗೊತ್ತಿದ್ದೇ ಆಡಿದ್ದು."

ಮುಂದಿನ ಗುರುವಾರವೂ ಇಂಕು ಬಂದಿಲ್ಲ. ಅದರ ಮುಂದಿನ ವಾರವೂ. ಪ್ರತಿ ಸಲ ಎಲ್ಲಪ್ಪ ಬಸ್ಸಿನಲ್ಲಿ ಬರುತ್ತಿದ್ದರು, ಸೊಗಡು ಅವರೆಕಾಯಿ ಒಂದು ಚೀಲ ಇಟ್ಟು, ನೀರು ಕುಡಿದು, ಅವಸರವಿಲ್ಲಮ್ಮಾ ಎಂದು ಹೊರಡುತ್ತಿದ್ದರು. ನಾಲ್ಕನೆಯ ವಾರ ಮಂಗಳವಾರವೇ ಬಂದರು. ಚೀಲದಿಂದ ತೆಗೆದದ್ದು ಅವರೆಕಾಯಿಯಲ್ಲ, ಕಪ್ಪು ಇಂಕಿನ ಒಂದು ಬಾಟಲಿ. ಡೇರಿಗೆ ಹಾಲು ಹಾಕಿ, ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಹೋಗಿ, ಮೂರು ಅಂಗಡಿ ವಿಚಾರಿಸಿ ತಂದಿದ್ದರು. "ಒಬ್ಬಳೇ ಎಷ್ಟು ಅಂತ ಅಲೀತೀಯಾ ತಲ್ಲಿ, ನನ್ ತಾಯಿ. ನಾನು ಹೆಂಗೂ ಖಾಲಿ ಕೂತಿರ್ತೀನಿ. ತಗೋ, ಈಗಾಗ್ತದಾ?"

ಅದು ಸಾಮಾನ್ಯ ಕಾಗದಕ್ಕೆ ಬಳಸುವ ಇಂಕು. ನಿಶಾತ್ ಅವರ ಪ್ರಿಂಟರಿಗೆ ಆಗುವುದಿಲ್ಲ, ಟೈಲ್ಸಿಗೆ ಹತ್ತುವುದೂ ಇಲ್ಲ. ಬಾಟಲಿ ಕೈಯಲ್ಲಿ ಹಿಡಿದೇ ಅವರು ನಡೆದದ್ದನ್ನೆಲ್ಲ ಹೇಳಿದರು. ಅರ್ಧ ಮುಖದ ಹಾಳೆ ತೋರಿಸಿದರು. ಎಲ್ಲಪ್ಪ ಅದನ್ನು ಬಹಳ ಹೊತ್ತು ನೋಡಿದರು. ಪಟ್ಟೆಗಳ ಮೇಲೆ ಹೆಬ್ಬೆರಳು ಆಡಿಸಿದರು, ಒರೆಸಿದರೆ ಹೋಗಬಹುದೇನೋ ಎನ್ನುವ ಹಾಗೆ.

"ಪೋನಿಲೇಮ್ಮಾ" ಎಂದರಂತೆ. ಹೋಗಲಿ ಬಿಡು ಎಂದು, ತೆಲುಗಿನಲ್ಲಿ. ಇಂಕಿನ ಬಾಟಲಿ ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅಂದು ನೀರನ್ನೂ ಕುಡಿಯಲಿಲ್ಲ.

ಅದಾದ ಮೇಲೆ ನಿಶಾತ್ ದಿನದ ಕೆಲಸಕ್ಕೆ ಮುಂಚೆ ಒಂದು ಗಂಟೆ ಆ ಫೋಟೋಕ್ಕೇ ಇಟ್ಟರು. ಹದಿನೆಂಟು ಬೆಳಗುಗಳು. ಕೊನೆಗೆ ಹೊಳೆದದ್ದು ಅವರನ್ನು ಮೊದಲು ಮೋಸಗೊಳಿಸಿದ ಆ ಪುಟ್ಟ ಚಿತ್ರವೇ. ದೊಡ್ಡದು ಅರ್ಧವಾದರೂ ಪುಟ್ಟದರಲ್ಲಿ ಮುಖ ಪೂರ್ತಿ ಇದೆಯಲ್ಲ, ಅದೆಲ್ಲಿಂದ ಬಂತು? ಫೋಟೋ ತೆಗೆಯುವಾಗಲೇ ಫೋನು ಅದರೊಳಗೆ ಅದರದೇ ಒಂದು ಪುಟ್ಟ ಪ್ರತಿಯನ್ನೂ ಇಟ್ಟಿರುತ್ತದೆ ಎಂದು ಪವಿತ್ರ ಹುಡುಕಿ ತಿಳಿಸಿದರು. ಅದನ್ನು ಹೊರತೆಗೆದರು. ಅಡಿ ಎತ್ತರಕ್ಕೆ ಹಿಗ್ಗಿಸಿದರೆ ಬರೀ ಚೌಕಗಳು, ಮನುಷ್ಯರೋ ಮರವೋ ತಿಳಿಯದು. ಅಂಚೆಚೀಟಿಯಷ್ಟಿದ್ದರೆ ಮಾತ್ರ ಗಂಗರತ್ನಮ್ಮ ನಗುತ್ತಾರೆ. ಕರುವಿನ ಮೂತಿಯೂ ಕಾಣುತ್ತದೆ.

ಅಡಿ ಎತ್ತರದ ಬಿಳಿ ಟೈಲ್ಸಿನ ನಟ್ಟನಡುವೆ ಅಷ್ಟನ್ನೇ ಇಳಿಸಿ, ನಿಶಾತ್ ತಾವೇ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದರು. ಅದೀಗ ಎಲ್ಲಪ್ಪನವರ ನಡುಮನೆಯ ಗೋಡೆಯಲ್ಲಿದೆ. ದೂರದಿಂದ ಬಿಳಿ ಟೈಲ್ಸಿಗೆ ನೊಣ ಕೂತಂತೆ ಕಾಣುತ್ತದೆ. ನೋಡಬೇಕೆಂದರೆ ಮೂಗು ತಾಗುವಷ್ಟು ಹತ್ತಿರ ಹೋಗಬೇಕು. "ಬೈದೇ ಇಲ್ಲಮ್ಮ ಅವ್ರು. ಕನ್ನಡಕ ಹುಡುಕ್ಕೊಂಡ್ ಬಂದು ಹತ್ರ ನಿಂತ್ರು, ಅಷ್ಟೇ. ಒಂದ್ಸಲ ಬೈದಿದ್ರೆ ನಂಗೆ ನಿದ್ದೆಯಾದ್ರೂ ಬರ್ತಿತ್ತು."

ಈಗ ನಿಶಾತ್ ಯಾರ ಫೋನಿನಿಂದಲೂ ಏನನ್ನೂ ಅಳಿಸುವುದಿಲ್ಲ. ಪ್ರತಿ ಫೋಟೋವನ್ನೂ ಪರದೆಯ ತುಂಬ ತೆರೆದು, ಬಂದವರನ್ನೇ ಪಕ್ಕ ಕೂರಿಸಿಕೊಂಡು, ಹಣೆಯಿಂದ ಗಲ್ಲದವರೆಗೆ ತೋರಿಸುತ್ತಾರೆ. ಕೆಲಸ ನಿಧಾನ, ದಿನಕ್ಕೆ ಎರಡು ಟೈಲ್ಸು ಕಡಿಮೆಯಾಗಿದೆ.

ಪ್ರಿಂಟರಿನ ಮೇಲಿನ ಹಲಗೆಯಲ್ಲಿ ಆ ಕಪ್ಪು ಇಂಕಿನ ಬಾಟಲಿ ಸೀಲು ಒಡೆಯದೆ ನಿಂತಿದೆ. ಧೂಳಿಲ್ಲ, ದಿನಾ ಒರೆಸುತ್ತಾರೆ. ಮುಂದೇನು ಆಸೆ ಎಂದರೆ ಅವರು ಅದನ್ನು ಕೈಗೆ ತೆಗೆದುಕೊಂಡು, ತಳದಲ್ಲಿರುವ, ಇಂಕಿನ ಅವಧಿ ಮುಗಿಯುವ ತಾರೀಕನ್ನು ಬೆಳಕಿಗೆ ಹಿಡಿಯುತ್ತಾರೆ.

"ಇದು ಹಿಡಿಸೋ ಅಂಥ ಚಿಕ್ಕ ಪ್ರಿಂಟ್ರು ಒಂದು ಸಿಗ್ಬೇಕಮ್ಮ, ಹಳೇದಾದ್ರೂ ಪರ್ವಾಗಿಲ್ಲ. ಇದ್ರಲ್ಲಿ ಬರೀ ಕಪ್ಪು ಬಿಳುಪು ಬರ್ತದೆ. ರಾಧಾನ ಎಲ್ಲಪ್ಪಣ್ಣನ ಪಕ್ಕ ನಿಲ್ಸಿ ಒಂದು ಫೋಟೋ ತೆಗ್ದು, ಅವ್ರು ತಂದ ಇಂಕಲ್ಲೇ ಹಾಕಿ ಕೊಡ್ಬೇಕು. ಇನ್ನೂ ಹದಿನಾಲ್ಕು ತಿಂಗಳು ಟೈಮಿದೆ. ಇಂಕ್ ಬಂದಿದೆ ಎಲ್ಲಪ್ಪಣ್ಣಾ ಅಂತ ಒಂದ್ಸಲ ನಿಜವಾಗಿ ಹೇಳ್ಬೇಕು."